ಪ್ರಯೋಗ ಆ್ಯಪ್‌ ಮ್ಯಾಲೆ ಮಾಡ್ರಿ, ರೈತರ ಲೆಕ್ಕದ ಮ್ಯಾಲೆ ಬ್ಯಾಡ

ಪ್ರಶ್ನೆ: ಸರ್, ನಾವು ಫ್ರೆಂಡ್ಸ್ ಸೇರಿ ದ್ರಾಕ್ಷಿ ತ್ವಾಟಕ್ಕ ಯಾವ ದಿನ ಯಾವ ಔಷಧ ಹೊಡದ್ವಿ, ಎಷ್ಟ ಖರ್ಚಾತು ಅಂತ ಬರದಿಡೋ ಆ್ಯಂಡ್ರಾಯ್ಡ್ ಆ್ಯಪ್ ಮಾಡೇವಿ, ಕೋಡ್ ಎಲ್ಲಾ ಓಪನ್ ಸೋರ್ಸ್, ಈಗ ವರ್ಷನ್ 0.4. ತಿಕೋಟಾ ಕಡೆ ಕೆಲವು ರೈತರು ವಾಟ್ಸಾಪ್‌ನ್ಯಾಗ ಫೈಲ್ ಇಸ್ಕೊಂಡು ಬಳಸಾಕತ್ತಾರ. ಹೋದ ಅಪ್‌ಡೇಟ್‌ಗೆ ಹಳೇ ಎಂಟ್ರಿ ಎಲ್ಲಾ ಹೋದವು ಅಂತ ಒಬ್ರು ಕಾಕಾ ಬೈದ್ರು. 0 ಅಂದ್ರ ಇನ್ನೂ ಪ್ರಯೋಗ ಅಂತ ಅಲ್ಲೇನ್ರಿ? ಈಗ 1.0 ಮಾಡೂಣೋ, ಎಲ್ಲಾ ಮುಗಿಯೂತನ ರಿಲೀಸ್ ಬಂದ್ ಮಾಡೂಣೋ?
- ವಿದ್ಯಾರ್ಥಿ, ವಿಜಯಪುರ

ಉತ್ತರ: ಎರಡೂ ಬ್ಯಾಡ ತಮ್ಮಾ. ನೀವು ಹೇಳಿದ್ದು ನಿಯಮದ ಪ್ರಕಾರ ಸರೀನ ಐತಿ, ಸೆಮ್ಯಾಂಟಿಕ್ ವರ್ಷನಿಂಗ್ ಅಂತ ನಂಬರ್ ಕೊಡೋ ಪದ್ಧತಿ ಐತೆಲ್ಲ, ಅದರಾಗ ಮುಂದ 0 ಇದ್ರ ಯಾವಾಗ ಬೇಕಾದ್ರೂ ಏನ ಬೇಕಾದ್ರೂ ಬದಲಾಗಬಹುದು ಅಂತನ ಬರದಾರ. ಆದ್ರ ಕಾಕಾ ಅದನ್ನ ಓದ್ಯಾರೇನು? ಅವರಿಗೆ ಐಕಾನ್ ಕಂಡ್ತು, ಒತ್ತಿದ್ರು, ಲೆಕ್ಕಾ ಬರದ್ರು. ಓಪನ್ ಸೋರ್ಸಿಗೆ ಹಾಕೋ ಎಂಐಟಿ ಲೈಸೆನ್ಸಿನಂಥಾದ್ರಾಗ ಗ್ಯಾರಂಟಿ ಇಲ್ಲ ಅಂತ ಬರದಿರೂದು ಕಾಯ್ದೆಕ್ಕಾತು, ಕಾಕಾನ ಬೈಗುಳಕ್ಕ ಆಗೂದಿಲ್ಲ.

ನಂಬರ್ ನಂಬಿ ಕುಂಡ್ರಬ್ಯಾಡ್ರಿ. ಚಿತ್ರ ಬಿಡಿಸೋ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಶುರುವಾಗಿದ್ದು 2003ಕ್ಕ, 1.0 ಬಂದಿದ್ದು 2020ಕ್ಕ, ನಡುವಿನ ಅಷ್ಟೂ ವರ್ಷ ಮಂದಿ 0 ಇದ್ದ ವರ್ಷನ್ನಿನಾಗ ಖರೇ ಕೆಲಸಾನ ಮಾಡ್ಯಾರ. ಲಿನಕ್ಸ್‌ನ ಡೆಸ್ಕ್‌ಟಾಪ್ ಕೆಡಿಇದ್ದು ಇದರ ಉಲ್ಟಾ, 2008ರ ಜನವರಿಗೆ 4.0 ಬಿಟ್ರು, ಇದು ಎಲ್ಲಾರಿಗೂ ಅಲ್ಲ ಇನ್ನೂ ಕೆಲಸ ಬಾಕಿ ಐತಿ ಅಂತ ಡೆವಲಪರ್‌ಗಳು ಹೇಳಿದ್ರೂ ಕೆಲವು ಡಿಸ್ಟ್ರೋದವ್ರು (ಲಿನಕ್ಸ್ ಜೋಡಿಸಿ ಹಂಚೋರು) ತಗೊಂಡು ಹಾಕಿಬಿಟ್ರು, ಬಳಸೋರು ಹಳೇದ ಚಲೋ ಇತ್ತು ಅಂತ ಭಾಳ ಬೈದ್ರು.

ನನಗ ಸೇರೂದು ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷಾದವ್ರ ಪದ್ಧತಿ. ಆರ ವಾರಕ್ಕೊಮ್ಮೆ ಸ್ಟೇಬಲ್, ಅಂದ್ರ ಪರೀಕ್ಷೆ ಆದ ವರ್ಷನ್, ಬರ್ತೈತಿ, ಪ್ರಯೋಗದ ಫೀಚರ್ ಏನಿದ್ರೂ ದಿನಾ ರಾತ್ರಿ ಕಟ್ಟೋ ನೈಟ್ಲಿ ವರ್ಷನ್ನಿನಾಗ ಅಷ್ಟ, ಅಲ್ಲೂ ನೀವ ಕೈಯಾರೆ ಕೋಡಿನಾಗ ಬರದು ಆನ್ ಮಾಡ್ಕೋಬೇಕು. ಬೇಕಂದಾಂವ ರಿಸ್ಕ್ ತಗೋತಾನ, ಬ್ಯಾಡಂದಾಂವ ಆರಾಮ ಇರ್ತಾನ.

ನೀವೂ ಹಂಗ ಮಾಡ್ರಿ. ಟೆಸ್ಟ್ ಬಿಲ್ಡ್‌ಗೆ ಬ್ಯಾರೆ ಅಪ್ಲಿಕೇಶನ್ ಐಡಿ (ಫೋನ್ ಆ್ಯಪ್ ಗುರುತಿಸೋ ಹೆಸರು), ಬ್ಯಾರೆ ಬಣ್ಣದ ಐಕಾನ್ ಕೊಟ್ರ ಒಂದ ಫೋನ್‌ನ್ಯಾಗ ಎರಡೂ ಕುಂಡ್ರತಾವ. ಒಂದ ಐಡಿ ಇದ್ರ ಹೊಸಾದು ಕೆಟ್ಟಾಗ ಅದರ ಮ್ಯಾಲೆ ಹಳೇ ವರ್ಷನ್ ಹಾಕಾಕ ಆ್ಯಂಡ್ರಾಯ್ಡ್ ಬಿಡೂದಿಲ್ಲ, ಅನ್‌ಇನ್‌ಸ್ಟಾಲ್ ಮಾಡಬೇಕು, ಮಾಡಿದ್ರ ಡೇಟಾನೂ ಹೋತು. ಡೇಟಾಬೇಸ್‌ಗೆ ಆ್ಯಂಡ್ರಾಯ್ಡ್‌ನ ರೂಮ್ ಲೈಬ್ರರಿ ಬಳಸಿದ್ರ ಡಿಸ್ಟ್ರಕ್ಟಿವ್ ಮೈಗ್ರೇಶನ್ ಆನ್ ಇಟ್ಟೀರೇನು ನೋಡ್ರಿ, ನನ್ನ ಡೌಟ್ ಅದರ ಮ್ಯಾಲೇನ, ಡೆವಲಪ್ ಮಾಡುವಾಗ ಸಲೀಸ ಆಗ್ತೈತಿ ಅಂತ ಹಾಕಿ ತಗಿಯೂದು ಮರೀತಾರ, ಟೇಬಲ್ ಬದಲಿಸಿ ಡೇಟಾಬೇಸ್ ವರ್ಷನ್ ಏರಿಸಿ, ಹಳೇ ಡೇಟಾ ಹೊಸಾದಕ್ಕ ಸಾಗಿಸೋ ಮೈಗ್ರೇಶನ್ ಬರೀದಿದ್ರ ಅದು ಹಳೇದೆಲ್ಲಾ ಅಳಿಸಿ ಹೊಸಾ ಟೇಬಲ್ ಕಟ್ಟತೈತಿ. ಲೆಕ್ಕಾ ಎಲ್ಲಾ ಎಕ್ಸೆಲ್‌ನ್ಯಾಗ ತಗಿಯೂವಂಥಾ ಫೈಲ್ ಮಾಡಿಕೊಡೋ ಸಿಎಸ್‌ವಿ ಎಕ್ಸ್‌ಪೋರ್ಟ್ ಬಟನ್ ಇಲ್ಲಾಂದ್ರ ಮೊದಲ ಅದನ್ನ ಹಾಕ್ರಿ, ಡಾರ್ಕ್ ಮೋಡ್ ಆಮ್ಯಾಲೆ.

ಇನ್ನೊಂದು, ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸೂದು) ಆದ ಮ್ಯಾಲೆ ಔಷಧ ಹೊಡಿಯೂ ಗಡಿಬಿಡಿ, ಆವಾಗ ಬಗ್ ಸರಿ ಮಾಡೂದಷ್ಟ ಬಿಡ್ರಿ, ಡೇಟಾ ಫಾರ್ಮ್ಯಾಟ್ ಮುಟ್ಟಬ್ಯಾಡ್ರಿ. ವಾಟ್ಸಾಪ್‌ನ್ಯಾಗ ಫೈಲ್ ಹಂಚೂದು ಬಿಟ್ಟು ರಿಲೀಸ್ ಪೇಜಿನ ಲಿಂಕ್ ಕೊಡ್ರಿ, ಏನ ಬದಲಾತು ಅಂತ ಕನ್ನಡದಾಗ ಎರಡ ಸಾಲ ಬರೀರಿ. ಹಳೇ ಎಂಟ್ರಿ ಯಾವ ಅಪ್‌ಡೇಟ್‌ಗೂ ಹೋಗೂದಿಲ್ಲ ಅಂತ ಎದಿ ತಟ್ಟಿ ಹೇಳೂವಂಗ ಆದ ದಿನ 1.0 ಮಾಡ್ರಿ. ಅಷ್ಟರಾಗ ಕಾಕಾನ ಮನಿಗೆ ಹೋಗ್ರಿ, ವಹಿಯಾಗ ಲೆಕ್ಕಾ ಬರದಿಟ್ಟಿದ್ರ ಕುಂತು ಎಂಟ್ರಿ ಹಾಕಿಕೊಡ್ರಿ.

ಪ್ರಶ್ನೆ: ಡೆಬಿಯನ್ ಲಿನಕ್ಸ್‌ನ್ಯಾಗ ಎಕ್ಸ್‌ಪೆರಿಮೆಂಟಲ್ ಅಂತ ಐತಿ, ಅಂಗಡಿ ಬಿಲ್ಲಿಂಗ್ ಕಂಪ್ಯೂಟರ್‌ಗೆ ಪೂರ್ತಿ ಅದನ್ನ ಹಾಕಬಹುದಾ?
- ಓದುಗರು, ಬೆಳಗಾವಿ

ಉತ್ತರ: ಪೂರ್ತಿ ಹಾಕಾಕ ಬರೂದ ಇಲ್ರಿ, ಅದು ಪೂರ್ತಿ ಡಿಸ್ಟ್ರೋನ ಅಲ್ಲ, ಇನ್ನೂ ತಯಾರಾಗಾಕತ್ತಿರೋ ಅನ್‌ಸ್ಟೇಬಲ್ ಮ್ಯಾಲೆ ಒಂದೆರಡು ಪ್ಯಾಕೇಜ್ ಪರೀಕ್ಷೆ ಮಾಡಾಕ ಇಟ್ಟಿದ್ದು. ಬಿಲ್ಲಿಂಗಿಗೆ ಸ್ಟೇಬಲ್ ಹಾಕ್ರಿ, ಸುಮಾರು ಎರಡ ವರ್ಷಕ್ಕೊಮ್ಮೆ ಹೊಸಾದು ಬರ್ತೈತಿ, ಅಂಗಡಿಗೆ ಅಷ್ಟ ಸಾಕು.