ಮೈಕ್‌ಗೆ ಎಷ್ಟು ವೋಲ್ಟ್, ಯಾವ ಜ್ಯಾಕ್?: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜೂಮ್ ಎಚ್5 ರೆಕಾರ್ಡರ್‌ಗೆ ಕಂಡೆನ್ಸರ್ ಮೈಕ್ ಹಾಕಿದ್ದೇನೆ. ಕೇಬಲ್ ಸರಿಯಿದೆ, ಆದರೂ ಮೀಟರ್ ಕದಲುತ್ತಿಲ್ಲ. ಫ್ಯಾಂಟಮ್ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್) ಆನ್ ಮಾಡಿದರೆ ಮೈಕ್ ಸುಟ್ಟುಹೋಗುತ್ತದೆ ಎನ್ನುತ್ತಾರೆ, ನಿಜವೇ? (ಶಿರಸಿ)

ಉತ್ತರ: ಇಲ್ಲ. ಫ್ಯಾಂಟಮ್ ಇಲ್ಲದಿದ್ದರೆ ನಿಮ್ಮ ಮೈಕ್ ಕೆಲಸವನ್ನೇ ಮಾಡದು. ಕಂಡೆನ್ಸರ್ ಮೈಕಿನೊಳಗೆ ಪುಟ್ಟದೊಂದು ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ ವಿದ್ಯುತ್ ಬೇಕು. ರೆಕಾರ್ಡರ್ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲಿನ 2 ಮತ್ತು 3ನೇ ಪಿನ್ನುಗಳಿಗೆ ತಲಾ 6.8 ಕಿಲೋಓಮ್ ರೆಸಿಸ್ಟರ್ ಮೂಲಕ 48 ವೋಲ್ಟ್ ಕೊಡುತ್ತದೆ. 1ನೇ ಪಿನ್ನು ಗ್ರೌಂಡ್. ಎರಡೂ ಪಿನ್ನುಗಳಲ್ಲಿ ವೋಲ್ಟೇಜ್ ಒಂದೇ ಆದ್ದರಿಂದ ಮಾಮೂಲಿ ಡೈನಮಿಕ್ (ವಿದ್ಯುತ್ ಬೇಡದ) ಮೈಕಿನ ಕಾಯಿಲ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಹೆದರಬೇಕಾದ್ದು ಹಳೆಯ ರಿಬ್ಬನ್ (ತೆಳು ಲೋಹದ ಪಟ್ಟಿಯ) ಮೈಕ್ ವಿಷಯದಲ್ಲಿ, ಅದರಲ್ಲೂ ಕೇಬಲಿನ ಒಂದು ಪಿನ್ನು ಶಾರ್ಟ್ ಆಗಿದ್ದಾಗ.

ಕ್ರಮ ಹೀಗಿರಲಿ. ಗೇನ್ (ಒಳಬರುವ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ) ಗುಂಡಿಯನ್ನು ಪೂರ್ತಿ ಇಳಿಸಿ, ಹೆಡ್‌ಫೋನ್ ಸದ್ದನ್ನೂ ಇಳಿಸಿ, ಆಮೇಲೆ ಕೇಬಲ್ ಚುಚ್ಚಿ. ಮೆನುವಿನ ಇನ್‌ಪುಟ್-ಔಟ್‌ಪುಟ್ ವಿಭಾಗದಲ್ಲಿ ಫ್ಯಾಂಟಮ್ ತೆರೆದು, ಮೈಕ್ ಇರುವ ಇನ್‌ಪುಟ್‌ಗೆ ಮಾತ್ರ ಆನ್ ಮಾಡಿ. ಹತ್ತು ಸೆಕೆಂಡು ಬಿಟ್ಟು ಗೇನ್ ಏರಿಸಿ. ಕೀಳುವಾಗ ಮೊದಲು ಗೇನ್ ಇಳಿಸಿ, ಫ್ಯಾಂಟಮ್ ಆಫ್ ಮಾಡಿ. ಇಲ್ಲದಿದ್ದರೆ ಕಿವಿಗೆ ‘ಟಪ್’ ಎಂದು ಬಡಿಯುತ್ತದೆ.

ಎಚ್5ನಲ್ಲಿ 12, 24, 48 ವೋಲ್ಟ್ ಆಯ್ಕೆಗಳಿವೆ. ಮೈಕಿನ ಕೈಪಿಡಿ ‘12ರಿಂದ 48’ ಎಂದರೆ ಕಡಿಮೆ ವೋಲ್ಟ್ ಇಟ್ಟು ಬ್ಯಾಟರಿ ಉಳಿಸಬಹುದು. 48 ಎಂದಷ್ಟೇ ಇದ್ದರೆ ಜಿಪುಣತನ ಬೇಡ, ಜೋರು ಸದ್ದಿಗೆ ಧ್ವನಿ ಬೇಗ ಒಡೆಯುತ್ತದೆ. ರೀಚಾರ್ಜ್ ಸೆಲ್ ಹಾಕಿದ್ದರೆ ಮೆನುವಿನಲ್ಲಿ ಬ್ಯಾಟರಿ ಬಗೆಯನ್ನು ನಿಕ್ಕಲ್ ಮೆಟಲ್ ಹೈಡ್ರೈಡ್ ಎಂದು ಬದಲಿಸಿ. ಅದು 1.2 ವೋಲ್ಟಿನ ಸೆಲ್. ಬದಲಿಸದಿದ್ದರೆ ಎಷ್ಟು ಚಾರ್ಜ್ ಉಳಿದಿದೆ ಎಂಬುದನ್ನು ಪರದೆ ತಪ್ಪಾಗಿ ತೋರಿಸುತ್ತದೆ.

ಪ್ರಶ್ನೆ: ಮೊಬೈಲಿಗೆ ಕೊಂಡ ಕಾಲರ್ ಮೈಕ್ ರೆಕಾರ್ಡರ್‌ನಲ್ಲಿ ಮೌನ. ಯಾಕೆ? (ಚಿತ್ರದುರ್ಗ)

ಉತ್ತರ: ಪ್ಲಗ್ ಮೇಲಿನ ಕಪ್ಪು ಪಟ್ಟಿ ಎಣಿಸಿ. ಮೂರಿದ್ದರೆ ಅದು ಫೋನಿನದು, ರೆಕಾರ್ಡರ್ ಕೇಳುವುದು ಎರಡು ಪಟ್ಟಿಯದ್ದು. ಮಧ್ಯೆ ಒಂದು ಅಡಾಪ್ಟರ್ ಹಾಕಿ. ನಂತರ ಮೆನುವಿನಲ್ಲಿ ‘ಪ್ಲಗ್-ಇನ್ ಪವರ್’ ಆನ್ ಮಾಡಿ. ಇದು ಬರೀ 2.5 ವೋಲ್ಟ್, 3.5 ಮಿಮೀ ಜ್ಯಾಕ್‌ಗೆ ಮಾತ್ರ. ಫ್ಯಾಂಟಮ್‌ಗೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಯಕ್ಷಗಾನದ ಮಿಕ್ಸರ್‌ನಿಂದ ಎಚ್5ಗೆ ತಂತಿ ಎಳೆದೆ. ಗೇನ್ ಎಷ್ಟು ಇಳಿಸಿದರೂ ಭಾಗವತರ ದನಿ ಒಡೆದೇ ಬರುತ್ತದೆ, ಚೆಂಡೆಯಂತೂ ಕೇಳುವುದೇ ಇಲ್ಲ. (ಕುಂದಾಪುರ)

ಉತ್ತರ: ಎರಡೂ ಬೇರೆ ಬೇರೆ ತೊಂದರೆ. ಮೈಕಿನಿಂದ ಬರುವುದು ಕೆಲವು ಮಿಲಿವೋಲ್ಟ್. ಮಿಕ್ಸರ್‌ನ ಲೈನ್ ಔಟ್‌ನಿಂದ ಬರುವುದು ಸುಮಾರು 1.2 ವೋಲ್ಟ್. ಅಷ್ಟೊಂದು ಒಳಬಂದರೆ ಮೊದಲ ಹಂತದಲ್ಲೇ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಹಾಗೆ ಕತ್ತರಿಸಿದ್ದನ್ನು ಆಮೇಲೆ ಎಷ್ಟು ಇಳಿಸಿದರೂ ಸರಿಹೋಗದು. ಆ ಇನ್‌ಪುಟ್‌ನ ಮೈನಸ್ 20 ಡಿಬಿ ಪ್ಯಾಡ್ (ಒಳಬರುವ ದನಿಯನ್ನು ತಗ್ಗಿಸುವ ಸ್ವಿಚ್) ಆನ್ ಮಾಡಿ, ಅಲ್ಲಿ ಫ್ಯಾಂಟಮ್ ಖಂಡಿತ ಆಫ್ ಇರಲಿ. ಕೆಲವು ಮಿಕ್ಸರ್‌ಗಳ ಔಟ್‌ಪುಟ್‌ಗೆ ಅದು ಪೆಟ್ಟು ಕೊಡಬಹುದು. ಇನ್ನೂ ಒಡೆದರೆ ಮಿಕ್ಸರ್‌ನವರಿಗೆ ಹೇಳಿ ಆಕ್ಸ್ ಔಟ್‌ನಿಂದ (ಮಟ್ಟವನ್ನು ಬೇರೆಯಾಗಿ ಹೊಂದಿಸಬಹುದಾದ ಔಟ್‌ಪುಟ್) ತಗ್ಗಿಸಿ ಪಡೆಯಿರಿ. ‘ಗುಂಯ್’ ಎಂಬ ಸದ್ದು ಸೇರಿಕೊಂಡರೆ ರೆಕಾರ್ಡರ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಗ್ರೌಂಡ್ ಲೂಪ್ (ಎರಡು ಉಪಕರಣಗಳ ಗ್ರೌಂಡ್ ಎರಡು ದಾರಿಯಲ್ಲಿ ಕೂಡಿ ಬರುವ ಸದ್ದು) ಆಗಿದ್ದರೆ ಅಲ್ಲಿಗೇ ನಿಲ್ಲುತ್ತದೆ.

ಚೆಂಡೆ ತಾನೇ ಅಬ್ಬರಿಸುವ ವಾದ್ಯ, ಹಾಗಾಗಿ ಮಿಕ್ಸರ್‌ನಲ್ಲಿ ಅದನ್ನು ಹೆಚ್ಚು ಎತ್ತುವುದಿಲ್ಲ. ರಂಗಸ್ಥಳದ ಗಾಳಿಯಲ್ಲಿರುವ ಆ ನಾದ ನಿಮಗೆ ಬೇಕೆಂದರೆ ರೆಕಾರ್ಡರ್‌ನ ತಲೆಯ ಎಕ್ಸ್‌ವೈ (ಅಡ್ಡಡ್ಡ ಜೋಡಿಸಿದ ಸ್ಟೀರಿಯೋ) ಮೈಕನ್ನೇ ಬಳಸಿ. ಮಲ್ಟಿ ಫೈಲ್ ಮೋಡ್‌ನಲ್ಲಿಟ್ಟರೆ ಮಿಕ್ಸರ್‌ನ ದನಿ ಒಂದು ಕಡತಕ್ಕೆ, ಎಕ್ಸ್‌ವೈ ಮೈಕಿನದು ಇನ್ನೊಂದಕ್ಕೆ ಒಟ್ಟಿಗೇ ಇಳಿಯುತ್ತವೆ. ಎಡಿಟ್ ಮಾಡುವಾಗ ಒಂದು ಗಮನ: ತಂತಿಯ ದನಿ ತಕ್ಷಣ ಬರುತ್ತದೆ, ಗಾಳಿಯ ದನಿ 10 ಮೀಟರ್ ದಾಟಲು ಸುಮಾರು 29 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಎಕ್ಸ್‌ವೈ ಕಡತವನ್ನು ಅಷ್ಟು ಮುಂಚೆಗೆ ಸರಿಸಿ ಕೂಡಿಸಿ, ತಾಳ ಎರಡೆರಡು ಸಲ ಕೇಳಿಸುವುದು ನಿಲ್ಲುತ್ತದೆ.