ಪ್ರೀಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ

ಮಳೆ ನಿಂತು ಮಣ್ಣಿನ ದಾರಿಗಳು ಆರತೊಡಗಿದ ಕೂಡಲೇ ಈ ಅಂಕಣಕ್ಕೆ ಪತ್ರಗಳು ಹೆಚ್ಚುತ್ತವೆ. ಅವುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು, ಅಂದರೆ ಬೈಕಿನ ಸಸ್ಪೆನ್ಷನ್ ಹೊಂದಿಸುವುದು ಹೇಗೆ ಎಂಬುದನ್ನು, ಬೇರೆ ಬೇರೆ ವೇಷದಲ್ಲಿ ಕೇಳುತ್ತವೆ. ಆ ಪ್ರಶ್ನೆಗೆ ಗ್ಯಾರೇಜಿನ ಬಾಗಿಲಲ್ಲಿ ನಿಂತು ಇಪ್ಪತ್ತು ವರ್ಷಗಳಿಂದ ಉತ್ತರ ಹೇಳಿ ಗಂಟಲು ಆರಿದೆಯಾದ್ದರಿಂದ ಈ ಸಲ ಜಾಗದ ಬಹುಭಾಗವನ್ನು ಅದಕ್ಕೇ ಕೊಡುತ್ತಿದ್ದೇನೆ. ಚೈನಿಗೆ ಎಣ್ಣೆ ಯಾವಾಗ, ಕಾಲಿಗೆ ಬೂಟು ಬೇಕೇ ಎಂಬಂಥವನ್ನು ಇಲ್ಲಿ ವಿವರಿಸುವುದಿಲ್ಲ. ಬೈಕಿನ ಜೊತೆ ಬಂದ ಕೈಪಿಡಿ ಸೀಟಿನ ಕೆಳಗೆ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇರುತ್ತದೆ, ತೆಗೆದು ಓದಬಹುದು.

ಪ್ರಶ್ನೆ: ನನ್ನದು ಎಕ್ಸ್‌ಪಲ್ಸ್ 200 ಫೋರ್‌ವಿ, ನನ್ನ ತೂಕ 82 ಕೆ.ಜಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ವಾರಾಂತ್ಯದಲ್ಲಿ ಓಡಿಸುತ್ತೇನೆ. ಸಣ್ಣ ಹಾರಿಕೆಯಲ್ಲೂ ಹಿಂಭಾಗ ದಡ್ ಎಂದು ಬಡಿಯುತ್ತಿತ್ತು. ಮೆಕ್ಯಾನಿಕ್ ಹಿಂದಿನ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರೀಲೋಡನ್ನು ಕೊನೆಯ ಹಂತದವರೆಗೆ ಬಿಗಿ ಮಾಡಿ, ಮುಂದಿನ ಚಕ್ರ ಹಿಡಿದ ಫೋರ್ಕಿಗೆ 20ಡಬ್ಲ್ಯೂ-50 ಎಂಜಿನ್ ಆಯಿಲ್ ಹಾಕಿಕೊಟ್ಟರು. ಈಗ ಹಿಂಭಾಗ ಒದೆಯುತ್ತದೆ, ಮುಂದಿನ ಚಕ್ರ ತಿರುವಿನಲ್ಲಿ ಜಾರುತ್ತದೆ, ಬಡಿತ ಮಾತ್ರ ಹೋಗಿಲ್ಲ. ವಿದೇಶಿ ಶಾಕ್ ಅಬ್ಸಾರ್ಬರ್ ಕೊಳ್ಳಬೇಕೇ? (ಯಲಹಂಕದ ಓದುಗರು)

ಉತ್ತರ: ಕೊಳ್ಳಬೇಡಿ. ಕನಿಷ್ಠ ಒಂದು ಅಳತೆಪಟ್ಟಿ ಹಿಡಿಯುವವರೆಗೆ ಏನನ್ನೂ ಕೊಳ್ಳಬೇಡಿ.

ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ಈ ಊರಿನ ಅರ್ಧದಷ್ಟು ಗ್ಯಾರೇಜುಗಳಲ್ಲಿ ವೇದವಾಕ್ಯದಂತೆ ನಡೆಯುತ್ತಿರುವ ಸುಳ್ಳು. ಒಂದು ಮಿಲಿಮೀಟರ್ ಕುಗ್ಗಲು 8 ಕೆ.ಜಿ. ಭಾರ ಬೇಕಾದ ಸ್ಪ್ರಿಂಗ್ ಇದೆ ಎಂದುಕೊಳ್ಳಿ. ಅದನ್ನು ಶಾಕ್‌ನ ಮೇಲೆ 5 ಮಿ.ಮೀ. ಅದುಮಿ ಕೂರಿಸಿದರೆ ಮೊದಲ 40 ಕೆ.ಜಿ.ಗೆ ಅದು ಅಲುಗುವುದಿಲ್ಲ, ಅಷ್ಟೆ. ಅಲ್ಲಿಂದ ಮುಂದೆ ಪ್ರತಿ ಮಿಲಿಮೀಟರಿಗೂ ಮೊದಲಿನ ಅದೇ 8 ಕೆ.ಜಿ. ಸಾಕು. ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆ ಬದಲಾಗದೆ ಸ್ಪ್ರಿಂಗಿನ ಗಡಸುತನ ಬದಲಾಗದು. ಪ್ರೀಲೋಡ್ ಬದಲಿಸುವುದು ಬೈಕು ನಿಲ್ಲುವ ಎತ್ತರವನ್ನು ಮಾತ್ರ.

ನಿಮ್ಮ ಬೈಕಿಗೆ ಆಗಿರುವುದೂ ಅದೇ. ಹಿಂಭಾಗ ಮೇಲೆ ನಿಂತಿರುವುದರಿಂದ ಭಾರ ಮುಂದಕ್ಕೆ ವಾಲಿದೆ, ಫೋರ್ಕಿನ ಓರೆ ಕಡಿಮೆಯಾಗಿ ಹ್ಯಾಂಡಲ್ ಚುರುಕಾಗಿದೆ, ಅತ್ತ ಫೋರ್ಕಿನೊಳಗಿನ ಗಟ್ಟಿ ಎಣ್ಣೆ ಮುಂದಿನ ಚಕ್ರವನ್ನು ನೆಲ ಹಿಡಿಯಲು ಬಿಡುತ್ತಿಲ್ಲ. ಒದೆಯುವುದಕ್ಕೂ ಕಾರಣ ಸರಳ. ಸಸ್ಪೆನ್ಷನ್ ಎಂದರೆ ಚಕ್ರ ಮೇಲೇರುವುದಷ್ಟೇ ಅಲ್ಲ, ಗುಂಡಿ ಬಂದಾಗ ಕೆಳಗಿಳಿಯುವುದೂ ಹೌದು. ಇಳಿಯಲು ಜಾಗವೇ ಉಳಿಯದಂತೆ ಬಿಗಿ ಮಾಡಿದರೆ ಚಕ್ರ ಪ್ರತಿ ಗುಂಡಿಯ ಮೇಲೂ ತೇಲಿ ಆಚೆ ಅಂಚಿಗೆ ಹೋಗಿ ಬಡಿಯುತ್ತದೆ.

ಇಳಿಯಲು ಬಿಡುವ ಈ ಜಾಗಕ್ಕೆ ಸ್ಯಾಗ್ ಎನ್ನುತ್ತೇವೆ. ಅದನ್ನು ಅಳೆಯಲು ಬೇಕಾದುದು ಒಂದು ಅಳತೆಪಟ್ಟಿ, ಒಂದು ಗಟ್ಟಿ ಮರದ ಪೆಟ್ಟಿಗೆ, ಒಂದು ತುಂಡು ಅಂಟುಪಟ್ಟಿ ಮತ್ತು ಇಬ್ಬರು ಸ್ನೇಹಿತರು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್ ಇದಕ್ಕೆ ಒಳ್ಳೆಯ ಜಾಗ, ಅಲ್ಲಿನ ನೆಲ ಮಟ್ಟವಾಗಿರುತ್ತದೆ. ಎಂಜಿನ್ನಿನ ಕೆಳಗೆ ಪೆಟ್ಟಿಗೆ ಇಟ್ಟು ಹಿಂದಿನ ಚಕ್ರವನ್ನು ನೆಲದಿಂದ ಪೂರ್ತಿ ಎತ್ತಿ. ಹಿಂದಿನ ಆಕ್ಸಲ್‌ನ ನಡುವಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಪ್ಯಾನೆಲ್ಲಿಗೆ ಅಂಟುಪಟ್ಟಿ ಹಚ್ಚಿ ಗುರುತು ಮಾಡಿ, ಆ ಅಂತರವನ್ನು ಬರೆದುಕೊಳ್ಳಿ. ಇದು ಮೊದಲ ಅಳತೆ. ಬೈಕನ್ನು ಇಳಿಸಿ, ಸೈಡ್‌ಸ್ಟ್ಯಾಂಡಿಲ್ಲದೆ ನೆಟ್ಟಗೆ ಹಿಡಿದು, ಎರಡು ಬಾರಿ ಅದುಮಿ ಬಿಟ್ಟು ಅದೇ ಎರಡು ಬಿಂದುಗಳ ನಡುವೆ ಅಳೆಯಿರಿ. ಇದು ಎರಡನೆಯದು. ಕೊನೆಗೆ ನೀವು ಹೆಲ್ಮೆಟ್, ಬೂಟು, ನೀರಿನ ಚೀಲ ಸಹಿತ ನಿತ್ಯ ಕೂರುವಂತೆ ಕುಳಿತು, ಕಾಲುಗಳನ್ನು ಪೆಗ್ಗುಗಳ ಮೇಲಿಟ್ಟು, ಒಬ್ಬ ಹ್ಯಾಂಡಲ್ ಹಿಡಿದಿರುವಾಗ ಇನ್ನೊಬ್ಬ ಮೂರನೆಯದನ್ನು ಅಳೆಯಲಿ. ಬನಿಯನ್ನು, ಚಪ್ಪಲಿಯಲ್ಲಿ ಕುಳಿತು ಅಳೆದು ಬಂದವರನ್ನು ನಾನು ಹಿಂದಕ್ಕೆ ಕಳಿಸಿದ್ದೇನೆ; ಬೂಟು, ಕವಚ ಮತ್ತು ಮೂರು ಲೀಟರ್ ನೀರು ಸೇರಿದರೆ ಗೊತ್ತಾಗದಂತೆಯೇ ಹತ್ತು ಕೆ.ಜಿ. ಏರಿರುತ್ತದೆ. ಸೀಲುಗಳ ಹಿಡಿತದಿಂದ ಅಳತೆ ಸ್ವಲ್ಪ ಆಚೀಚೆ ಆಗುತ್ತದೆ. ಆದ್ದರಿಂದ ಒಮ್ಮೆ ಹಿಂಭಾಗವನ್ನು ಮೆಲ್ಲಗೆ ಅದುಮಿ ಏರಲು ಬಿಟ್ಟು, ಇನ್ನೊಮ್ಮೆ ಮೆಲ್ಲಗೆ ಎತ್ತಿ ಇಳಿಯಲು ಬಿಟ್ಟು ಅಳೆದು ಎರಡರ ಸರಾಸರಿ ತೆಗೆದುಕೊಳ್ಳಿ.

ಮೊದಲ ಅಳತೆಯಿಂದ ಎರಡನೆಯದನ್ನು ಕಳೆದರೆ ಬೈಕು ತನ್ನ ಸ್ವಂತ ತೂಕಕ್ಕೆ ಕುಸಿದ ಪ್ರಮಾಣ ಸಿಗುತ್ತದೆ, ಮೂರನೆಯದನ್ನು ಕಳೆದರೆ ಸವಾರನ ಸಹಿತ ಕುಸಿದ ಪ್ರಮಾಣ. ಸವಾರನ ಸಹಿತದ ಸ್ಯಾಗ್, ಚಕ್ರ ಮೇಲೆ ಕೆಳಗೆ ಸರಿಯುವ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ ಇರಬೇಕು. ನಿಮ್ಮ ಬೈಕಿನ ಹಿಂದಿನ ಚಲನೆ 170 ಮಿ.ಮೀ., ಆದ್ದರಿಂದ 55ರ ಆಸುಪಾಸು. ಬೈಕಿನ ಸ್ವಂತ ಸ್ಯಾಗ್ 15ರಿಂದ 20. ಮುಂದಿನ ಚಲನೆ 190 ಮಿ.ಮೀ., ಅಲ್ಲಿ ಸವಾರನ ಸಹಿತ 50ರ ಹತ್ತಿರ ಇದ್ದರೆ ಸರಿ. ಅಮೆರಿಕದ ಮೋಟೋಕ್ರಾಸ್ ವಿಡಿಯೋಗಳನ್ನು ನೋಡಿ ‘100 ಮಿ.ಮೀ. ಸ್ಯಾಗ್ ಇಡಬೇಕಂತೆ’ ಎಂದು ಬರೆಯುವವರಿಗೂ ಇದೇ ಉತ್ತರ. ಅವರ ಬೈಕುಗಳ ಚಲನೆ 300 ಮಿ.ಮೀ. ಇರುತ್ತದೆ. ನಿಮ್ಮದರಲ್ಲಿ 100 ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಚಲನೆ ನೀವು ಕುಳಿತಾಗಲೇ ಮುಗಿದಿರುತ್ತದೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಕಳೆದ ವರ್ಷ ಕನಕಪುರ ರಸ್ತೆಯ ಕಡೆಯ ಯುವಕನೊಬ್ಬ ಇದೇ ಮಾದರಿಯ ಬೈಕು ತಂದ. ಅವನ ಮೂರು ಅಳತೆಗಳು 520, 520, 466. ಸವಾರನ ಸಹಿತ 54 ಮಿ.ಮೀ. ಕುಸಿತ, ಅಂದರೆ ನಾನು ಹೇಳಿದ ಲೆಕ್ಕಕ್ಕೆ ಸರಿಯಾಗಿಯೇ ಇದೆ, ಮತ್ತೆ ಏಕೆ ಬಡಿಯುತ್ತದೆ ಎಂದು ಅವನ ವಾದ. ಎರಡನೇ ಅಂಕಿಯನ್ನು ಅವನು ನೋಡಿರಲೇ ಇಲ್ಲ. ಬೈಕಿನ ಸ್ವಂತ ಕುಸಿತ ಸೊನ್ನೆ. ಮೆದು ಸ್ಪ್ರಿಂಗನ್ನು ಪೂರ್ತಿ ಅದುಮಿ ಬೇಕಾದ ಎತ್ತರವನ್ನು ಬಲವಂತವಾಗಿ ತಂದಾಗ ಹೀಗಾಗುತ್ತದೆ. ಅವನಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ಪ್ರೀಲೋಡನ್ನು ಸಡಿಲಿಸಿದೆವು. ಅಳತೆ 520, 502, 464ಕ್ಕೆ ಬಂತು, ಬಡಿತ ನಿಂತಿತು. ಇದಕ್ಕೆ ತಿರುಗಾಮುರುಗಾ ಕೂಡ ಉಂಟು: ಸವಾರನ ಸಹಿತದ ಸ್ಯಾಗ್ ಸರಿಯಿದ್ದು ಬೈಕಿನ ಸ್ವಂತ ಸ್ಯಾಗ್ 30 ದಾಟಿದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ವಿಪರೀತ ಗಟ್ಟಿ ಎಂದರ್ಥ. ಬೈಕು ತಾನಾಗಿ ಕುಸಿಯುತ್ತಿದೆ ಎಂದರೆ ಸ್ಪ್ರಿಂಗ್ ಮೆದುವೆಂದು ಭಾವಿಸಿ ಇನ್ನೂ ಗಟ್ಟಿಯದನ್ನು ತರಿಸಿ ಹಣ ಕಳೆದುಕೊಂಡವರು ನನಗೆ ಗೊತ್ತು.

82 ಕೆ.ಜಿ.ಗೆ ಮೇಲುಡುಪು ಸೇರಿಸಿದರೆ ನೀವೂ ಆ ಯುವಕನ ಸಾಲಿನಲ್ಲೇ ನಿಲ್ಲುವಿರೆಂದು ನನ್ನ ಊಹೆ. ಆದರೂ ಅಳೆಯಿರಿ, ನನ್ನ ಊಹೆಯ ಮೇಲೆ ದುಡ್ಡು ಹಾಕಬೇಡಿ. ಸ್ಪ್ರಿಂಗೊಂದನ್ನು ಬದಲಿಸುವ ವೆಚ್ಚ ವಿದೇಶಿ ಶಾಕ್‌ನ ಬೆಲೆಯ ಸಣ್ಣದೊಂದು ಪಾಲು.

ಇನ್ನು ಎಂಜಿನ್ ಆಯಿಲ್ ವಿಚಾರ. ಆ ಮೆಕ್ಯಾನಿಕ್ಕಿನ ಮೇಲೆ ನನಗೆ ಕೋಪವಿರುವುದು ಇಲ್ಲಿಯೇ. 20ಡಬ್ಲ್ಯೂ-50 ಎಣ್ಣೆಯು 10ಡಬ್ಲ್ಯೂ ಫೋರ್ಕ್ ಎಣ್ಣೆಗಿಂತ 40 ಡಿಗ್ರಿಯಲ್ಲಿ ಮೂರರಿಂದ ಐದು ಪಟ್ಟು ಮಂದವಾಗಿರುತ್ತದೆ. ಅದು ಫೋರ್ಕ್ ಕುಗ್ಗುವುದನ್ನಷ್ಟೇ ಅಲ್ಲ, ಮರಳಿ ಹಿಗ್ಗುವುದನ್ನೂ ನಿಧಾನಗೊಳಿಸುತ್ತದೆ. ಸಾಲು ಗುಂಡಿಗಳಲ್ಲಿ ಫೋರ್ಕ್ ಒಂದರಿಂದ ಮೇಲೇಳುವ ಮೊದಲೇ ಇನ್ನೊಂದು ಬಂದು, ಪ್ರತಿ ಪೆಟ್ಟಿಗೂ ಇಷ್ಟಿಷ್ಟೇ ಕುಗ್ಗುತ್ತ ಹೋಗಿ ಕೊನೆಗೆ ಕಬ್ಬಿಣದ ಸಲಾಕೆಯಂತಾಗುತ್ತದೆ. ಅದನ್ನು ಪೂರ್ತಿ ಬಸಿದು, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಫೋರ್ಕ್ ಎಣ್ಣೆ ಹಾಕಿಸಿ. ಡಬ್ಬಿಯ ಮೇಲಿನ ‘10ಡಬ್ಲ್ಯೂ’ ಎಂಬುದನ್ನು ಮಾತ್ರ ನೋಡಿ ಕೊಳ್ಳಬೇಡಿ, ಒಂದೊಂದು ಕಂಪನಿಯ 10ಡಬ್ಲ್ಯೂ ಒಂದೊಂದು ಬಗೆ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಎಣ್ಣೆಯ ಮಂದತೆಯ ಮಾನ) ಎಂಬುದೇ ನಿಜವಾದ ಅಳತೆ. ಮುಂಭಾಗ ಬುಡಕ್ಕೆ ಬಡಿಯುತ್ತಿದ್ದರೆ ಎಣ್ಣೆಯನ್ನು ಮಂದ ಮಾಡುವ ಬದಲು ಅದರ ಮಟ್ಟವನ್ನು 5 ಮಿ.ಮೀ. ಏರಿಸಿ ನೋಡಿ. ಸ್ಪ್ರಿಂಗ್ ಹೊರತೆಗೆದು, ಫೋರ್ಕನ್ನು ಪೂರ್ತಿ ಕುಗ್ಗಿಸಿ, ಕೊಳವೆಯ ಬಾಯಿಂದ ಎಣ್ಣೆಯವರೆಗೆ ಅಳೆಯುವುದು ಕ್ರಮ. ಮೇಲಿನ ಗಾಳಿಯ ಜಾಗ ಕಿರಿದಾದಷ್ಟೂ ಚಲನೆಯ ಕೊನೆಯ ಮೂರನೇ ಭಾಗದಲ್ಲಿ ಅದೇ ಒಂದು ಸ್ಪ್ರಿಂಗಿನಂತೆ ತಡೆಯುತ್ತದೆ, ಆರಂಭದ ಮೆದುತನ ಹಾಗೇ ಉಳಿಯುತ್ತದೆ.

ಎಷ್ಟು ಚಲನೆ ಬಳಕೆಯಾಗುತ್ತಿದೆ ಎಂದು ತಿಳಿಯಲು ಫೋರ್ಕಿನ ರಬ್ಬರ್ ಹೊದಿಕೆಯನ್ನು (ಗೇಟರ್) ಮೇಲೆ ಸರಿಸಿ, ಒಳಗಿನ ಕೊಳವೆಗೆ ತೆಳುವಾದ ಕೇಬಲ್ ಟೈ ಒಂದನ್ನು ಸಡಿಲವಾಗಿ ಕಟ್ಟಿ ಸೀಲಿಗೆ ತಾಗಿಸಿ ಓಡಿಸಿ ಬನ್ನಿ. ಇಡೀ ದಿನದಲ್ಲಿ ಒಂದೆರಡು ಸಲ ಅದು ಕೊನೆ ಮುಟ್ಟಿದ್ದರೆ ನಿಮ್ಮ ಫೋರ್ಕ್ ಸರಿಯಾಗಿದೆ. ಒಮ್ಮೆಯೂ ಬಡಿಯಬಾರದು ಎಂಬ ಹಟವಿದ್ದರೆ ಅಷ್ಟು ಚಲನೆಗೆ ದುಡ್ಡು ಕೊಟ್ಟದ್ದಾದರೂ ಏಕೆ?

ಪ್ರಶ್ನೆ: ಸೈಲೆನ್ಸರ್ ಬದಲಿಸಿದರೆ ಎಷ್ಟು ಪವರ್ ಹೆಚ್ಚುತ್ತದೆ? (ಮೂವರು ಓದುಗರು)

ಉತ್ತರ: ಶಬ್ದ ಹೆಚ್ಚುತ್ತದೆ. ಅದರ ಜೊತೆಗೆ, ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ ಆಗಬಹುದು.

ಪ್ರಶ್ನೆ: ನನ್ನ ಹಳೆಯ ಇಂಪಲ್ಸ್‌ಗೆ, ಬೆಂಗಳೂರಿನ ಹವೆ ತಂಪಾದ್ದರಿಂದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಸುವ ಮೇನ್ ಜೆಟ್ ದೊಡ್ಡದು ಹಾಕಬೇಕು ಎನ್ನುತ್ತಾರೆ. ನಿಜವೇ? (ರಾಜಾಜಿನಗರ)

ಉತ್ತರ: ಹೇಳಿದವರಿಗೆ ಹವೆ ಗೊತ್ತು, ಎತ್ತರ ಗೊತ್ತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ 9ರಷ್ಟು ತೆಳು. ತೆಳುಗಾಳಿಗೆ ಪೆಟ್ರೋಲ್ ಕಡಿಮೆ ಬೇಕೇ ಹೊರತು ಹೆಚ್ಚಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತಿಳಿಗಂದು ಬಣ್ಣವಿದ್ದರೆ ಜೆಟ್ಟಿನ ತಂಟೆಗೆ ಹೋಗಬೇಡಿ.

ಪ್ರಶ್ನೆ: ಕೆಸರಿನಲ್ಲಿ ಎಳೆತ ಸಾಲದು. ಚೈನಿನ ಹಲ್ಲುಚಕ್ರಗಳಲ್ಲಿ ಮುಂದಿನ ಸ್ಪ್ರಾಕೆಟ್ ಬದಲಿಸಲೇ, ಹಿಂದಿನದನ್ನೇ?

ಉತ್ತರ: ಮುಂದೆ ಒಂದು ಹಲ್ಲು ಕಡಿಮೆ ಮಾಡುವುದು ಹಿಂದೆ ಮೂರು ಹಲ್ಲು ಹೆಚ್ಚಿಸಿದ್ದಕ್ಕೆ ಸರಿಸುಮಾರು ಸಮ. 13 ಮತ್ತು 39ರ ಜೋಡಿಯಲ್ಲಿ ಅನುಪಾತ 3; 12 ಮತ್ತು 39 ಆದರೆ 3.25, 13 ಮತ್ತು 42 ಆದರೆ 3.23. ಮುಂದಿನದು ಅಗ್ಗ, ಆದ್ದರಿಂದ ಅದರಿಂದಲೇ ಆರಂಭಿಸಿ. ಬದಲಿಸಿದ ಮೇಲೆ ಚೈನಿನ ಸಡಿಲವನ್ನು ಬೈಕು ಸ್ಟ್ಯಾಂಡಿನ ಮೇಲಿದ್ದಾಗ ನೋಡಿ ತೃಪ್ತಿಪಡಬೇಡಿ. ಯಾರನ್ನಾದರೂ ಕೂರಿಸಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ (ಹಿಂದಿನ ಚಕ್ರ ಹಿಡಿದ ತೋಳು) ಕೀಲು ಮತ್ತು ಹಿಂದಿನ ಆಕ್ಸಲ್ ಒಂದೇ ಸಾಲಿಗೆ ಬರುವಂತೆ ಅದುಮಿ ನೋಡಿ. ಚೈನ್ ಅತಿ ಬಿಗಿಯಾಗುವುದು ಆ ಸ್ಥಿತಿಯಲ್ಲಿ.

ಪ್ರಶ್ನೆ: ಟೈರಿನ ಗಾಳಿಯನ್ನು 8 ಪಿಎಸ್‌ಐಗೆ ಇಳಿಸಿದರೆ ಹಿಡಿತ ಹೆಚ್ಚುತ್ತದಂತೆ?

ಉತ್ತರ: ಟೈರನ್ನು ರಿಮ್ಮಿಗೆ ಬಿಗಿಹಿಡಿಯುವ ರಿಮ್‌ಲಾಕ್ ಇಲ್ಲದ ಟ್ಯೂಬ್ ಟೈರಿನಲ್ಲಿ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನೂ ಎಳೆದುಕೊಂಡು ಹೋಗಿ, ವಾಲ್ವನ್ನು ಬುಡಸಮೇತ ಕಿತ್ತುಹಾಕುತ್ತದೆ.

ಪ್ರಶ್ನೆ: ಏರ್ ಫಿಲ್ಟರ್ ತೆಗೆದು ಓಡಿಸಿದರೆ ಎಂಜಿನ್ ಚೆನ್ನಾಗಿ ಉಸಿರಾಡುವುದಿಲ್ಲವೇ?

ಉತ್ತರ: ಕೋಲಾರದ ಕೆಂಪು ಧೂಳು ಮತ್ತು ಎಣ್ಣೆ ಸೇರಿದರೆ ವಾಲ್ವ್ ಉಜ್ಜುವ ಪೇಸ್ಟ್ ಆಗುತ್ತದೆ. ನನಗೆ ಸವೆದ ಸಿಲಿಂಡರ್ ಕೊರೆದು ಸರಿಪಡಿಸುವ ರೀಬೋರ್ ಕೆಲಸದಿಂದ ಒಳ್ಳೆಯ ಆದಾಯವಿದೆ, ಹೆಚ್ಚಿನದು ಬೇಡ.

ಪ್ರಶ್ನೆ: ತುರಹಳ್ಳಿ ಕಾಡಿನಲ್ಲಿ ಅಭ್ಯಾಸ ಮಾಡಬಹುದೇ?

ಉತ್ತರ: ಕಾಡು ಎಂದು ನೀವೇ ಬರೆದಿದ್ದೀರಿ. ಬೇಡ.

ಪ್ರಶ್ನೆ: ಸ್ಪ್ರಿಂಗುಗಳನ್ನು ನಾನೇ ಮನೆಯಲ್ಲಿ ಬದಲಿಸಬಹುದೇ? ಅಗತ್ಯ ಸ್ಪ್ಯಾನರುಗಳೆಲ್ಲ ಇವೆ. (ಬನಶಂಕರಿ)

ಉತ್ತರ: ಮುಂದಿನದನ್ನು ಬದಲಿಸಬಹುದು. ಮುಂದಿನ ಚಕ್ರವನ್ನು ಎತ್ತಿ ಫೋರ್ಕಿನ ಮೇಲಿನ ಭಾರವನ್ನು ತೆಗೆದು, ಮೇಲಿನ ಕ್ಲ್ಯಾಂಪಿನ ಬೋಲ್ಟನ್ನು ಮೊದಲು ಸಡಿಲಿಸಿ, ಆಮೇಲೆ ಕ್ಯಾಪಿಗೆ ಕೈಹಾಕಿ. ಕೊನೆಯ ಎಳೆಗಳಲ್ಲಿ ಅಂಗೈಯಿಂದ ಕ್ಯಾಪನ್ನು ಅದುಮಿ ಹಿಡಿದೇ ಬಿಚ್ಚಬೇಕು, ಮುಖ ಅದರ ನೇರಕ್ಕೆ ಇರಬಾರದು.

ಹಿಂದಿನದನ್ನು ಮುಟ್ಟಬೇಡಿ. ಶಾಕ್‌ನೊಳಗೆ ಅಧಿಕ ಒತ್ತಡದ ನೈಟ್ರೋಜನ್ ಇದ್ದರೆ ಅದರ ವಾಲ್ವನ್ನು ‘ಸ್ವಲ್ಪ ಸಡಿಲಿಸಿ’ ನೋಡುವ ಕುತೂಹಲವೇ ಸಾಕು, ಆಸ್ಪತ್ರೆಯ ದಾರಿ ಹಿಡಿಯಲು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರಿನ ವಿಷಯದಲ್ಲಿ ನನ್ನ ಭಯ ಇನ್ನೂ ದೊಡ್ಡದು. ಕೆಲಸ ಕಲಿತ ಹೊಸದರಲ್ಲಿ ಗುಜರಿಯಿಂದ ತಂದ ಕಂಪ್ರೆಸರಿನ ಒಂದು ಕೊಕ್ಕೆ ಜಾರಿತು. ಸ್ಪ್ರಿಂಗ್ ನನ್ನ ಎಡಕಿವಿಯ ಪಕ್ಕದಲ್ಲಿ ಹಾದು ಗ್ಯಾರೇಜಿನ ತಗಡಿನ ಗೋಡೆಗೆ ಬಡಿಯಿತು. ಊಟದ ತಟ್ಟೆಯಷ್ಟು ಅಗಲದ ಆ ತಗ್ಗು ಇವತ್ತಿಗೂ ಹಾಗೇ ಇದೆ, ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದರೂ ಅದನ್ನು ತಟ್ಟಿ ಸರಿಮಾಡಲು ನಾನು ಬಿಟ್ಟಿಲ್ಲ. ಶಾಕನ್ನು ಇಡಿಯಾಗಿ ಬೈಕಿನಿಂದ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಸರಿಯಾದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು ಅಲ್ಲಿಯೇ ಸ್ಪ್ರಿಂಗ್ ಬದಲಿಸಿಕೊಳ್ಳಿ. ಅರ್ಧ ಗಂಟೆಯ ಕೆಲಸ.