ಗೋಡೆಯೊಳಗೆ ಊಟ ಎಲ್ಲಿಂದ?

ದೇಶಭಕ್ತರೇ ಸೇರಿ ಕೋಟೆ ಥರ ಸ್ವಾವಲಂಬಿ ಊರು ಕಟ್ಟಿಕೊಂಡರೆ ತಪ್ಪೇನು, ಅಮೆರಿಕದ ಇಡಾಹೋದಲ್ಲಿ ಯೋಚಿಸಿದ್ದ 'ಸಿಟಡೆಲ್' ನಡೆಯುತ್ತಿರಲಿಲ್ವಾ ಅಂತ ಕೇಳಿದ್ದೀರಿ. ತಪ್ಪೇನಿಲ್ಲ. ಆದರೆ 2013ರಲ್ಲಿ ಸುದ್ದಿಯಾದ ಆ ಯೋಜನೆಯ ನಿಯಮ ನೋಡಿ. ಗಟ್ಟಿಮುಟ್ಟಾದ ಪ್ರತಿ ವಯಸ್ಕರ ಬಳಿಯೂ ಒಂದು ಎಆರ್-15 ಬಂದೂಕು, ಸಾವಿರ ಗುಂಡು, ಪ್ರತಿ ಮನೆಯಲ್ಲೂ ಒಂದು ವರ್ಷಕ್ಕಾಗುವಷ್ಟು ಆಹಾರ ಇರಬೇಕು. 13 ದಾಟಿದ ಗಟ್ಟಿಮುಟ್ಟಾದವರೆಲ್ಲ ವರ್ಷವರ್ಷ ಗುರಿ ಹೊಡೆದು ತೋರಿಸಬೇಕು. ಸರಿ, ಎರಡನೇ ವರ್ಷದ ಊಟ? ದುಡಿಮೆಗೆ ಮುಖ್ಯವಾಗಿ ಬಂದೂಕಿನ ಕಾರ್ಖಾನೆಯನ್ನೇ ನಂಬಿದ್ದರು. ಅಂದರೆ ಕೊಳ್ಳುವವರು ಗೋಡೆಯ ಆಚೆಯವರೇ ಅಲ್ವಾ! ಇನ್ನೊಂದು, ಆ ಊರು ಕಟ್ಟಬೇಕೆಂದಿದ್ದ ಬೆನೆವಾ ಕೌಂಟಿಯ (ನಮ್ಮ ಜಿಲ್ಲೆಯ ಥರ) ಒಟ್ಟು ಜನಸಂಖ್ಯೆಯೇ ಸುಮಾರು 9 ಸಾವಿರ. ಅಲ್ಲಿ 7 ಸಾವಿರ ಕುಟುಂಬದವರೆಗೂ ಕೂರಿಸುವ ಲೆಕ್ಕ. ಅಕ್ಕಪಕ್ಕದವರು ಸುಮ್ನೆ ಇರ್ತಾರಾ?

ಇಂಥದ್ದು ನಡೆದದ್ದೇ ಇಲ್ಲ ಅಂತಲ್ಲ. ಇಸ್ರೇಲಿನ ಕಿಬ್ಬುತ್ಸ್‌ಗಳಿವೆ, ಅಂದರೆ ದುಡಿಮೆ, ಆಸ್ತಿ ಎಲ್ಲ ಹಂಚಿಕೊಂಡು ಬದುಕಲು ಕಟ್ಟಿಕೊಂಡ ಊರುಗಳು. 1910ರಲ್ಲಿ ಶುರುವಾದ ಮೊದಲ ಕಿಬ್ಬುತ್ಸ್ ದೆಗಾನ್ಯಾದಲ್ಲಿ ನಾಡು ಕಟ್ಟುವ ಹಂಬಲವೂ ಇತ್ತು, ಹೊಲದ ಕೆಲಸವೂ ಇತ್ತು. ಹೊರಗಿನ ಸಂಸ್ಥೆಗಳ ದುಡ್ಡು, ಜಮೀನಿನ ಆಸರೆಯೂ ಇತ್ತು, ಅದನ್ನು ಜನ ಮರೆಯುವುದೇ ಜಾಸ್ತಿ. 1980ರ ದಶಕದಲ್ಲಿ ಎಷ್ಟೋ ಕಿಬ್ಬುತ್ಸ್‌ಗಳು ಸಾಲದಲ್ಲಿ ಮುಳುಗಿದವು. 2007ರಲ್ಲಿ ದೆಗಾನ್ಯಾ ಕೂಡ ಕೆಲಸಕ್ಕೆ ತಕ್ಕ ಸಂಬಳಕ್ಕೆ ಒಪ್ಪಿತು. ನನಗಂತೂ ಅದು ಸೋಲು ಅನ್ನಿಸುವುದಿಲ್ಲ.